ಹೊಸಿಲು ದಾಟದ ಫಣಿಯಮ್ಮ

ಸ್ತ್ರೀ ಸ್ವಾತಂತ್ರ್ಯದ ಕಾದಂಬರಿಯೆಂದರೆ ನಾಯಕಿ ಗಂಡನ ಮನೆಯ ಹೊಸಿಲು ದಾಟಿ ಹೊರನಡೆಯಬೇಕು ಎಂಬ ನಿರೀಕ್ಷೆ ಓದುಗರಲ್ಲಿ ಸಾಮಾನ್ಯ. 1976ರಲ್ಲಿ ಪ್ರಕಟವಾದ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಈ ನಿರೀಕ್ಷೆಗೆ ಸೊಪ್ಪು ಹಾಕುವುದಿಲ್ಲ. ಫಣಿಯಮ್ಮ ತನಗೆ ವಿಧಿಸಿದ ಮಡಿ, ಒಪ್ಪೊತ್ತಿನ ಊಟಗಳನ್ನು ಜೀವನಪೂರ್ತಿ ಬಿಡುವುದಿಲ್ಲ. ಆದರೂ ಕನ್ನಡದಲ್ಲಿ ಹೆಣ್ಣಿನ ಅರಿವಿನ ಮಾತು ಬಂದಾಗ ಈ ಹೆಸರು ಬಂದೇ ಬರುತ್ತದೆ.

ಕಥೆ ಮಲೆನಾಡಿನ ತೀರ್ಥಹಳ್ಳಿ ಸೀಮೆಯದು. ತಮ್ಮ ಬಂಧುವರ್ಗದಲ್ಲೇ ಬಾಳಿದ ಹಿರಿಯಳೊಬ್ಬಳ ಬದುಕನ್ನು ಆಧರಿಸಿ ಇಂದಿರಾ ಇದನ್ನು ಬರೆದರು. ಫಣಿಯಮ್ಮನ ಕಾಲ 1840ರಿಂದ 1952ರವರೆಗೆ, ಅಂದರೆ 112 ವರ್ಷ. ಮದುವೆಯೆಂದರೇನೆಂದು ತಿಳಿಯುವ ಮೊದಲೇ ವೈಧವ್ಯ ಬಂತು. ಮೈನೆರೆದ ಮೇಲೆ ತಲೆಗೂದಲೂ ಹೋಯಿತು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ವಿಧವಾ ವಿವಾಹಕ್ಕೆ ಮಾನ್ಯತೆ ಕೊಟ್ಟ ಕಾಯಿದೆ ಬಂದದ್ದು 1856ರಲ್ಲಿ. ಆಗ ಅವಳಿಗೆ ಹದಿನಾರು. ಆ ಸುದ್ದಿಯ ಬಿಸಿ ಮಲೆನಾಡಿನ ಅಡುಗೆಮನೆಗಳಿಗೆ ತಟ್ಟಲಿಲ್ಲ.

ಅವಳ ಸ್ವಾತಂತ್ರ್ಯ ಇರುವುದು ನೋಟದಲ್ಲಿ. ತುಂಬಿದ ಮನೆಯ ಕೆಲಸವೆಲ್ಲ ಮಾಡುತ್ತ ಅವಳು ಎಲ್ಲವನ್ನೂ ಗಮನಿಸುತ್ತಾಳೆ: ಮಡಿಯ ಮಾತಾಡುವವರ ಗುಟ್ಟುಗಳನ್ನು, ಹೆತ್ತು ಹೆತ್ತು ಸೊರಗಿದ ಮುತ್ತೈದೆಯರನ್ನು. ‘ಭಾಗ್ಯವಂತೆ’ ಎನಿಸಿಕೊಂಡವರ ಪಾಡು ತನ್ನ ಪಾಡಿಗಿಂತ ಮೇಲಲ್ಲ ಎಂಬುದನ್ನು ಯಾರೂ ಹೇಳಿಕೊಡದೆ ತಾನೇ ಕಂಡುಕೊಳ್ಳುತ್ತಾಳೆ. ಹೆರಿಗೆಯ ನೋವಿನಲ್ಲಿರುವ ಕೆಳಜಾತಿಯ ಹೆಂಗಸಿನ ಗುಡಿಸಲಿಗೂ ಹೋಗಿ ಮಗುವನ್ನು ಈಚೆ ತರುತ್ತಾಳೆ. ಜೀವ ಉಳಿಸುವ ಹೊತ್ತಿನಲ್ಲಿ ಮೈಲಿಗೆಯ ಲೆಕ್ಕ ಅವಳಿಗೆ ಅಡ್ಡಬರುವುದಿಲ್ಲ.

ಇದು ತ್ಯಾಗದ ವೈಭವೀಕರಣವಲ್ಲವೇ ಎಂದು ಕೇಳಬಹುದು. ಆಸೆಯೇ ಇಲ್ಲದ ವಿಧವೆಗೆ ಕೈಮುಗಿಯುವುದು ಸಮಾಜಕ್ಕೆ ಬಹಳ ಸುಲಭ. ಅಕಸ್ಮಾತ್ತಾಗಿ ಕಣ್ಣಿಗೆ ಬಿದ್ದ ಗಂಡುಹೆಣ್ಣಿನ ಕೂಟ ಫಣಿಯಮ್ಮನಲ್ಲಿ ಜಿಗುಪ್ಸೆ ಹುಟ್ಟಿಸಿ, ಆ ಬಯಕೆಯನ್ನೇ ಮುಗಿಸಿಬಿಡುತ್ತದೆ. ಕಾದಂಬರಿ ಇಲ್ಲಿ ಕಷ್ಟದ ಪ್ರಶ್ನೆಯಿಂದ ಪಾರಾಗಿದೆ ಎನಿಸಿದರೆ ತಪ್ಪಲ್ಲ.

ಆದರೆ ದಾಕ್ಷಾಯಿಣಿಯ ಪ್ರಸಂಗ ಆ ಆಕ್ಷೇಪಕ್ಕೆ ಉತ್ತರದಂತಿದೆ. ಈ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಸುತರಾಂ ಒಪ್ಪುವುದಿಲ್ಲ. ಮನೆಯ ಹಿರಿಯರು ಕೆರಳುತ್ತಾರೆ. ಆಚಾರಕ್ಕೆ ಸಾಕ್ಷಿಯಾಗಿ ನಿಲ್ಲಲು ಫಣಿಯಮ್ಮನಿಗಿಂತ ತಕ್ಕವರು ಬೇರೆ ಯಾರಿದ್ದಾರೆ? ‘ನಾನು ಅನುಭವಿಸಲಿಲ್ಲವೇ, ನೀನೂ ಅನುಭವಿಸು’ ಎಂಬುದು ಹಿರಿಯ ಹೆಂಗಸರ ಹಳೆಯ ನ್ಯಾಯ. ಅತ್ತೆಯಂದಿರ ಅಧಿಕಾರವೆಲ್ಲ ನಿಂತಿರುವುದು ಅದರ ಮೇಲೆಯೇ. ಫಣಿಯಮ್ಮ ಆ ನ್ಯಾಯವನ್ನು ಒಪ್ಪುವುದಿಲ್ಲ. ತನ್ನ ಬೋಳುತಲೆಯ ಮೇಲೆ ಸೆರಗು ಹೊದ್ದುಕೊಂಡೇ ಅವಳು ಆ ಹುಡುಗಿಯ ಕೂದಲಿನ ಪರವಾಗಿ ಮಾತನಾಡುತ್ತಾಳೆ.