ಮತ್ತೆ ಓಡಲು ಕಲಿಯುವುದು

ಶಾಲೆಯಲ್ಲಿ ಓಡಿದ ಕಾಲು ಸಂಸಾರ ಹೊತ್ತ ಮೇಲೆ ಓಟವನ್ನು ಮರೆಯುವುದು ಸಹಜ. ತುರುವೇಕೆರೆ ಸೀಮೆಯ ನಮ್ಮ ತಂದೆಯವರು ಓದಿದ್ದು ಏಳನೆಯ ತರಗತಿ. ಓಟದಲ್ಲಿ ಮಾತ್ರ ಮೊದಲಿಗರು. ಕಳೆದ ವರ್ಷ ವೈದ್ಯರು ಸಕ್ಕರೆ ಕಾಯಿಲೆಯೆಂದು ತಿಳಿಸಿ, ದೇಹಕ್ಕೆ ವ್ಯಾಯಾಮ ಬೇಕೆಂದರು. ಮರುದಿನವೇ ಅವರು ಹಳೆಯ ಹುರುಪಿನಿಂದ ಕೆರೆಯ ಏರಿಯುದ್ದಕ್ಕೂ ಓಡಿ, ಮೂರು ವಾರ ಕುಂಟಿದರು.

ತಪ್ಪಿದ್ದು ಎಲ್ಲಿ? ಅಭ್ಯಾಸದಿಂದ ಹೃದಯವು ಕೆಲವೇ ವಾರಗಳಲ್ಲಿ ಪಳಗುತ್ತದೆ; ಮೂಳೆಗೂ ಸ್ನಾಯುರಜ್ಜುವಿಗೂ ತಿಂಗಳುಗಳೇ ಬೇಕು. ಅಟ್ಟದ ಕಾಯಿ ಉಂಡೆಕೊಬ್ಬರಿಯಾಗಲು ವರ್ಷದ ಹತ್ತಿರ ಕಾದು, ಆಮೇಲೆ ತಿಪಟೂರಿನ ಮಾರುಕಟ್ಟೆಗೆ ಒಯ್ಯುವ ನಮಗೆ ಈ ತಾಳ್ಮೆ ಹೊಸದಲ್ಲ.

ಆದುದರಿಂದ ಮೊದಲು 1 ನಿಮಿಷ ಓಟ, 2 ನಿಮಿಷ ನಡಿಗೆ. ಹೀಗೆ 20 ನಿಮಿಷ, ವಾರಕ್ಕೆ 3 ದಿನ, ನಡುವೆ ವಿಶ್ರಾಂತಿ. 1996ರಲ್ಲಿ ಅಮೆರಿಕದ ಜಾಶ್ ಕ್ಲಾರ್ಕ್ ಎಂಬವರು ರೂಪಿಸಿದ 9 ವಾರಗಳ ಕ್ರಮವೂ ಇದೇ ಬಗೆಯದು. ಓಡುತ್ತಲೇ ಮಾತನಾಡಲು ಆಗದಿದ್ದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ಎದೆ ನೊಂದರೆ ಕೂಡಲೇ ನಿಂತು ವೈದ್ಯರನ್ನು ಕಾಣಬೇಕು.

“ತೋಟದಲ್ಲಿ ದುಡಿಯುವವನಿಗೆ ಓಟವೇಕೆ?” ಎಂದು ನೆರೆಯವರು ನಗುವುದುಂಟು. ಈಗ ನೀರೆತ್ತುವುದು ಮೋಟಾರು, ಉಳುವುದು ಟ್ರ್ಯಾಕ್ಟರು, ಪೇಟೆಗೆ ಒಯ್ಯುವುದು ಬೈಕು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ, ಇಲ್ಲವೇ 75 ನಿಮಿಷ ಬಿರುಸಿನ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ.

ಈಗ ತಂದೆಯವರು ನಿಲ್ಲದೆ 6 ನಿಮಿಷ ಓಡುತ್ತಾರೆ. ಓದಿನಲ್ಲಿ ಅವರು ನನ್ನನ್ನು ಮುಂದೆ ಕಳುಹಿಸಿದರು. ಏರಿಯ ಮೇಲೆ ನಾನು ಅವರ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತೇನೆ.