20 ಸೆಕೆಂಡಿನ ಏದುಸಿರು

ಚಾಮರಾಜಪೇಟೆಯ ಓದುಗರೊಬ್ಬರ ಪ್ರಶ್ನೆ: ಜಿಮ್ ಸೈಕಲ್ ಮೇಲೆ 20 ಸೆಕೆಂಡ್ ಜೋರಾಗಿ ತುಳಿದು 10 ಸೆಕೆಂಡ್ ಸುಧಾರಿಸಿಕೊಂಡರೆ, ಹೀಗೆ ನಾಲ್ಕೇ ನಿಮಿಷ ಮಾಡಿದರೆ ಸಾಕಂತೆ, ಹೌದೇ? ಆಗ ತೊಡೆ ಉರಿಯುತ್ತದಲ್ಲ, ಅದು ಲ್ಯಾಕ್ಟಿಕ್ ಆಸಿಡ್ಡಿನ ವಿಷವೇ?

ಸ್ನಾಯುವಿನ ವ್ಯವಹಾರ ಅವೆನ್ಯೂ ರಸ್ತೆಯ ಸಗಟು ಅಂಗಡಿಯದ್ದೇ. ಮಾಲಿನ ಗಾಡಿ ಬಾಗಿಲಿಗೆ ಬಂದು ನಿಂತಿದೆ, ದುಡ್ಡು ಈಗಲೇ ಬೇಕು. ಸಾಹುಕಾರರು ಮೊದಲು ಕೈ ಹಾಕುವುದು ಗಲ್ಲಾಪೆಟ್ಟಿಗೆಗೆ. ಅದು ಬರಿದಾದರೆ ಪಕ್ಕದಂಗಡಿಯಲ್ಲಿ ಕೈಸಾಲ. ದೊಡ್ಡ ಗಂಟು ಇರುವುದು ಮೈಸೂರು ಬ್ಯಾಂಕ್ ಸರ್ಕಲ್ಲಿನಲ್ಲಿ. ಆ ಜನಜಂಗುಳಿಯಲ್ಲಿ ಹೋಗಿ ತರಲು ಹೊತ್ತು ಹಿಡಿಯುತ್ತದೆ. ಸ್ನಾಯುವಿನ ಗಲ್ಲಾಪೆಟ್ಟಿಗೆ ಎಂದರೆ ಫಾಸ್ಫೋಕ್ರಿಯೇಟಿನ್. ಪೂರ್ತಿ ದಮ್ಮು ಹಾಕಿ ತುಳಿದರೆ ಸುಮಾರು 10 ಸೆಕೆಂಡಿಗೇ ತಳ ಕಾಣುತ್ತದೆ. ಕೈಸಾಲ ಎಂದರೆ ಆಮ್ಲಜನಕವಿಲ್ಲದೆ ಗ್ಲೂಕೋಸ್ ಒಡೆಯುವುದು: ಬೇಗ ಸಿಗುತ್ತದೆ, ಆದರೆ ಒಂದು ಗ್ಲೂಕೋಸ್ ಅಣುವಿಗೆ ದಕ್ಕುವುದು ಎಟಿಪಿ ಎಂಬ ಶಕ್ತಿಯ ನಾಣ್ಯ ಎರಡೇ. ಬ್ಯಾಂಕು ಮೈಟೋಕಾಂಡ್ರಿಯಾ, ಅಲ್ಲಿ ಆಮ್ಲಜನಕ ಸೇರಿ ಅದೇ ಅಣುವಿಗೆ 30ರ ಆಸುಪಾಸು ಎಟಿಪಿ ಹುಟ್ಟುತ್ತದೆ. ತುಳಿಯುವುದು ನಿಂತ ಮೇಲೂ ಏದುಸಿರು ಬಿಡುತ್ತೇವಲ್ಲ, ಅದರಲ್ಲಿ ಒಂದು ಪಾಲು ಈ ಸಾಲ ತೀರಿಸುವುದಕ್ಕೆ. ಇದನ್ನು 'ಆಮ್ಲಜನಕದ ಸಾಲ' ಎಂದು ಕರೆದವರು 1922ರ ನೊಬೆಲ್ ಪಡೆದ ಬ್ರಿಟನ್ನಿನ ಎ.ವಿ. ಹಿಲ್.

ಇನ್ನು ವಿಷದ ಮಾತು. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಸಿಗುವಂಥ ಶರೀರಶಾಸ್ತ್ರದ ಎಷ್ಟೋ ಪಠ್ಯಗಳಿಗೆ ಲ್ಯಾಕ್ಟಿಕ್ ಆಸಿಡ್ ಎಂದರೆ ಕಸ. ಆ ಪುಟಗಳನ್ನು ನಂಬಬೇಡಿ. ಕ್ಯಾಲಿಫೋರ್ನಿಯಾದ ಜಾರ್ಜ್ ಬ್ರೂಕ್ಸ್ 1980ರ ದಶಕದಿಂದ ತೋರಿಸುತ್ತಾ ಬಂದಂತೆ, ಕೈಸಾಲದಲ್ಲಿ ಹುಟ್ಟುವ ಈ ಆಸಿಡ್, ಅಂದರೆ ಲ್ಯಾಕ್ಟೇಟ್, ಒಳ್ಳೆಯ ಇಂಧನ. ಪಕ್ಕದ ಸ್ನಾಯುಗಳೂ ಹೃದಯವೂ ಅದನ್ನು ಉರಿಸಿಕೊಳ್ಳುತ್ತವೆ, ಯಕೃತ್ತು ಮತ್ತೆ ಗ್ಲೂಕೋಸ್ ಮಾಡುತ್ತದೆ. ಒಂದು ಗಂಟೆಯೊಳಗೆ ರಕ್ತದಲ್ಲಿ ಅದರ ಮಟ್ಟ ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ. ಮಾರನೇ ದಿನದ ಮೈಕೈನೋವಿಗೂ ಅದಕ್ಕೂ ಸಂಬಂಧವಿಲ್ಲ.

ನಾಲ್ಕು ನಿಮಿಷದ ಕಥೆ ಜಪಾನಿನದು. ಅಲ್ಲಿನ ಸ್ಪೀಡ್ ಸ್ಕೇಟಿಂಗ್ ತಂಡದ ತರಬೇತುದಾರ ಇರಿಸಾವಾ ಕೊಯಿಚಿ ತಮ್ಮ ಹುಡುಗರಿಗೆ ಹೀಗೆ ಅಭ್ಯಾಸ ಮಾಡಿಸುತ್ತಿದ್ದರು. ಅದನ್ನು ಪ್ರಯೋಗಾಲಯದ ಸೈಕಲ್ಲಿಗೆ ತಂದು 1996ರಲ್ಲಿ ಫಲಿತಾಂಶ ಪ್ರಕಟಿಸಿದವರು ಇಝುಮಿ ತಬಾಟಾ. ಹೆಸರು ಉಳಿದದ್ದೂ ಅವರದೇ. ಒಂದು ಗುಂಪು ದಿನಕ್ಕೆ ಒಂದು ಗಂಟೆ ಹದವಾಗಿ ತುಳಿಯಿತು, ಇನ್ನೊಂದು ಗುಂಪು 20–10ರ ಲೆಕ್ಕದಲ್ಲಿ ಏಳೆಂಟು ಸುತ್ತು. ವಾರಕ್ಕೆ 5 ದಿನದಂತೆ 6 ವಾರ ಕಳೆದಾಗ, ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ ನಿಮಿಷಕ್ಕೆ, ಪ್ರತಿ ಕಿಲೋ ತೂಕಕ್ಕೆ, ಮೊದಲ ಗುಂಪಿನಲ್ಲಿ 5 ಮಿಲಿಲೀಟರ್, ಎರಡನೆಯದರಲ್ಲಿ 7 ಮಿಲಿಲೀಟರ್ ಹೆಚ್ಚಿತ್ತು. ಕೈಸಾಲ ಎತ್ತುವ ಶಕ್ತಿಯೂ ಎರಡನೇ ಗುಂಪಿಗೆ ಶೇ. 28ರಷ್ಟು ಕೂಡಿಬಂದಿತ್ತು, ಹದವಾಗಿ ತುಳಿದವರಿಗೆ ಅದು ಬರಲಿಲ್ಲ.

2005ರಲ್ಲಿ ಕೆನಡಾದ ಮಾರ್ಟಿನ್ ಗಿಬಾಲಾ ತಂಡದ ಫಲಿತಾಂಶ ಇನ್ನೂ ಸೋಜಿಗದ್ದು. ಪ್ರಾಣ ಬಿಟ್ಟು 30 ಸೆಕೆಂಡ್ ತುಳಿ, 4 ನಿಮಿಷ ಸುಧಾರಿಸಿಕೊ, ಮತ್ತೆ ತುಳಿ. ದಿನಕ್ಕೆ 4ರಿಂದ 7 ಸಲ, ಎರಡು ವಾರದಲ್ಲಿ ಬರೇ 6 ದಿನ. ಒಂದೇ ಬಿರುಸಿನಲ್ಲಿ 26 ನಿಮಿಷ ತುಳಿದು ಕೈಚೆಲ್ಲುತ್ತಿದ್ದವರು 51 ನಿಮಿಷ ತುಳಿದರು. ಗಲ್ಲಾಪೆಟ್ಟಿಗೆ ಪದೇಪದೇ ಬರಿದಾಗುವುದೇ ಜೀವಕೋಶಕ್ಕೆ ಕರೆಗಂಟೆ. ಎಎಂಪಿಕೆ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ, ಅದು ಪಿಜಿಸಿ-1 ಆಲ್ಫಾ ಎಂಬ ಪ್ರೋಟೀನನ್ನು ಚುರುಕುಗೊಳಿಸುತ್ತದೆ, ಮೈಟೋಕಾಂಡ್ರಿಯಾ ಹೆಚ್ಚುತ್ತವೆ. ಗಲ್ಲಿಗೊಂದು ಬ್ಯಾಂಕ್ ಶಾಖೆ ತೆರೆದ ಹಾಗೆ! ವಾರಗಟ್ಟಲೆ ಮುಂದುವರಿಸಿದರೆ ಹೃದಯವೂ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದನ್ನು ಕಲಿಯುತ್ತದೆ.

ಆದರೆ ಜಾಹೀರಾತನ್ನು ನಂಬುವ ಮುನ್ನ ಒಂದು ಮಾತು. ತಬಾಟಾ ಪ್ರಯೋಗದ ಬಿರುಸು, ಗರಿಷ್ಠ ಆಮ್ಲಜನಕ ಬಳಕೆಗೆ ಬೇಕಾಗುವ ಬಿರುಸಿನ ಶೇ. 170ರಷ್ಟು. ಎಂಟು ಸುತ್ತಿಗೆ ಗಟ್ಟಿ ಆಳೂ ಕುಸಿಯುತ್ತಾನೆ. ಮುಕ್ಕಾಲು ಗಂಟೆಯ 'ತಬಾಟಾ ಕ್ಲಾಸ್' ತಬಾಟಾ ಅಲ್ಲ. ವ್ಯಾಯಾಮ ಮುಗಿದ ಮೇಲೂ ದಿನವಿಡೀ ಕೊಬ್ಬು ಕರಗುತ್ತಿರುತ್ತದೆ ಎಂಬುದು ಉತ್ಪ್ರೇಕ್ಷೆ. ಆ ಲಾಭ ತೀರಾ ಚಿಕ್ಕದು. ವೃತ್ತಿಪರ ಸೈಕ್ಲಿಸ್ಟುಗಳ ಅಭ್ಯಾಸದಲ್ಲೂ ಬಹುಪಾಲು ಆರಾಮಾಗಿ ತುಳಿಯುವುದೇ.

ಹಾಗಾಗಿ ವಾರಕ್ಕೆ ಎರಡು ದಿನ ಬಿರುಸು, ಉಳಿದ ದಿನ ಹದ. ನಲವತ್ತು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ ಇರುವವರು ಮೊದಲು ವೈದ್ಯರಿಗೆ ತೋರಿಸಿ, ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡೇ ಶುರು ಮಾಡಿ. ತುಳಿಯುವಾಗ ಎದೆ ಹಿಡಿದಂತಾದರೆ ಆ ಕ್ಷಣವೇ ಇಳಿದುಬಿಡಿ, ತಡಮಾಡದೆ ಆಸ್ಪತ್ರೆಗೆ ಹೋಗಿ.