ಹೊಲಿಗೆಯ ಮೇಲೆ ಎರಡು ಬೆರಳು

ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಹೊರದೇಶಗಳಿಂದ ಹೋಗಿ ಅಲ್ಲಿ ಮೆರೆದ ದೊಡ್ಡ ಹೆಸರುಗಳು. ಸಾಮರ್ಸೆಟ್‌ನ ವಿವಿಯನ್ ರಿಚರ್ಡ್ಸ್, ಹ್ಯಾಂಪ್‌ಷೈರ್‌ನ ಮಾಲ್ಕಂ ಮಾರ್ಷಲ್, ನಾಟಿಂಗ್‌ಹ್ಯಾಮ್‌ಷೈರ್‌ನ ರಿಚರ್ಡ್ ಹ್ಯಾಡ್ಲಿ. ಅವರನ್ನು ಹೊಗಳುವವರಿಗೆ ಬರವಿಲ್ಲ. ವರ್ಷಗಟ್ಟಲೆ ಕೌಂಟಿ ಆಟದ ಬೆನ್ನು ಹತ್ತಿದ ನನಗೆ ಹೆಚ್ಚು ಹಿಡಿಸಿದವರು ಮಾತ್ರ ಬೇರೆ. ಗಂಟೆಗೆ 115, ಹೆಚ್ಚೆಂದರೆ 125 ಕಿಲೋಮೀಟರ್ ವೇಗದಲ್ಲಿ ಬೌಲ್ ಮಾಡುವ ಮಧ್ಯಮ ವೇಗಿಗಳು, ಮತ್ತು ಅವರ ಎಸೆತಗಳನ್ನು ಗೂಟದ ಬೆನ್ನಿಗೇ ನಿಂತು ಹಿಡಿಯುವ ಕೀಪರ್‌ಗಳು. ಟಿ.ವಿ.ಯಲ್ಲಿ ನೋಡಿದರೆ ‘ಇವನ ಬೌಲಿಂಗನ್ನು ಯಾರಾದರೂ ಹೊಡೆದಾರು’ ಅನ್ನಿಸುತ್ತದೆ. ಯಾರೂ ಹೊಡೆಯುವುದಿಲ್ಲ. ಯಾಕೆ ಎನ್ನುವುದೇ ಈ ಕಸುಬಿನ ಸ್ವಾರಸ್ಯ.

ಮೊದಲು ಆಟದ ಚೌಕಟ್ಟು. ಕೌಂಟಿ ಚಾಂಪಿಯನ್‌ಷಿಪ್ ಅಧಿಕೃತವಾಗಿ ಶುರುವಾದದ್ದು 1890ರಲ್ಲಿ. 1992ರಲ್ಲಿ ಡರ್ಹಮ್ ಸೇರಿದ ಮೇಲೆ ತಂಡಗಳು 18. 1993ರಿಂದ ಎಲ್ಲ ಪಂದ್ಯಗಳೂ ನಾಲ್ಕು ದಿನದವು. 2000ದಿಂದ ಎರಡು ಡಿವಿಷನ್‌ಗಳಿವೆ. ಏಪ್ರಿಲ್‌ನ ಚಳಿಯಲ್ಲಿ ಶುರುವಾಗಿ ಸೆಪ್ಟೆಂಬರ್ ಕೊನೆಗೆ ಮುಗಿಯುವ ಈ ಆಟಕ್ಕೆ ನಡುಬೇಸಿಗೆಯ ಒಳ್ಳೆಯ ಬಿಸಿಲು ಅಷ್ಟಾಗಿ ಸಿಗುವುದಿಲ್ಲ. ಆ ದಿನಗಳನ್ನು ಚುಟುಕು ಆಟಗಳು ಹಂಚಿಕೊಂಡಿವೆ. ಹಾಗಾಗಿ ಚಾಂಪಿಯನ್‌ಷಿಪ್‌ನ ಪಾಲಿಗೆ ಬರುವುದು ಮೋಡ, ತೇವ, ಹಸಿರು ಬಿಡದ ಪಿಚ್. ಮಧ್ಯಮ ವೇಗಿಗೆ ಬೇಕಾದದ್ದೂ ಅದೇ.

ಇನ್ನು ಚೆಂಡು. ಇಂಗ್ಲೆಂಡಿನಲ್ಲಿ ಬಳಸುವುದು ಡ್ಯೂಕ್ಸ್ ಚೆಂಡು. ನಾಲ್ಕು ತುಂಡು ಚರ್ಮವನ್ನು ಕೂಡಿಸಿ, ಆರು ಸಾಲು ಹೊಲಿಗೆಯನ್ನೂ ಕೈಯಲ್ಲೇ ಹಾಕಿದ್ದು. ಆಸ್ಟ್ರೇಲಿಯಾದ ಕೂಕಬುರಾ ಚೆಂಡಿನಲ್ಲಿ ಹೊಲಿಗೆ ಬೇಗ ಅಡಗಿಹೋಗುತ್ತದೆ. ಡ್ಯೂಕ್ಸ್‌ನಲ್ಲಿ ಅದು ಐವತ್ತು ಓವರ್ ಕಳೆದರೂ ಬೆರಳಿಗೆ ತಾಕುವಷ್ಟು ಎದ್ದಿರುತ್ತದೆ. 1760ರ ಕಾಲದಿಂದ ಹೆಸರು ಹೇಳಿಕೊಂಡು ಬಂದಿರುವ ಈ ಚೆಂಡಿನ ಕಂಪನಿ 1987ರಿಂದ ದಿಲೀಪ್ ಜಜೋಡಿಯಾ ಅವರ ಕೈಯಲ್ಲಿದೆ. ಅವರು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ.

ಈಗ ಬೌಲರ್‌ನ ಕೈಯನ್ನು ಹತ್ತಿರದಿಂದ ನೋಡೋಣ. ತೋರುಬೆರಳು, ನಡುಬೆರಳು ಹೊಲಿಗೆಯ ಮೇಲೆ, ಆ ಕಡೆ ಒಂದು ಈ ಕಡೆ ಒಂದು. ಹೆಬ್ಬೆರಳು ಕೆಳಗೆ, ಹೊಲಿಗೆಗೆ ತಾಗಿ. ಚೆಂಡನ್ನು ಅಂಗೈಗೆ ಒತ್ತಿ ಹಿಡಿಯುವಂತಿಲ್ಲ. ಅಂಗೈಗೂ ಚೆಂಡಿಗೂ ನಡುವೆ ಸ್ವಲ್ಪ ಬೆಳಕು ಕಾಣಬೇಕು. ತೋಳು ಕಿವಿಯ ಪಕ್ಕದಿಂದ ಬರುವಾಗ ಮಣಿಕಟ್ಟು ಚೆಂಡಿನ ಹಿಂದೆ ನೆಟ್ಟಗಿರಬೇಕು. ಬಿಡುವ ಗಳಿಗೆಯಲ್ಲಿ ಎರಡೂ ಬೆರಳು ಚೆಂಡಿನ ಬೆನ್ನನ್ನು ಒಂದೇ ಸಮನೆ ಕೆಳಕ್ಕೆ ಸವರುತ್ತವೆ. ಆಗ ಚೆಂಡು ಹಿಮ್ಮುಖವಾಗಿ ಸುತ್ತುತ್ತ ಹೋಗುತ್ತದೆ, ಹೊಲಿಗೆ ಅಲುಗಾಡದೆ ನಿಂತಿರುತ್ತದೆ. ಮಣಿಕಟ್ಟು ಒಂದಿಷ್ಟು ವಾಲಿದರೂ ಹೊಲಿಗೆ ತತ್ತರಿಸುತ್ತದೆ, ಎಸೆತ ಸತ್ತಂತೆಯೇ.

ನೆಟ್ಟಗೆ ನಿಂತ ಹೊಲಿಗೆ ಎರಡು ಕೆಲಸ ಮಾಡುತ್ತದೆ. ಒಂದು ಗಾಳಿಯಲ್ಲಿ: ಒಂದು ಮಗ್ಗುಲು ಹೊಳಪಾಗಿ ಇನ್ನೊಂದು ಒರಟಾಗಿದ್ದಾಗ, ಹೊಲಿಗೆ ಯಾವ ಕಡೆ ತುಸು ಮುಖ ಮಾಡಿದೆಯೋ ಆ ಕಡೆಗೆ ಚೆಂಡು ಬಾಗುತ್ತದೆ. ಇನ್ನೊಂದು ನೆಲದಲ್ಲಿ: ಹಸಿ ಪಿಚ್ಚಿಗೆ ಹೊಲಿಗೆಯೇ ಬಡಿದರೆ ಚೆಂಡು ಒಳಕ್ಕೋ ಹೊರಕ್ಕೋ ಸರಿಯುತ್ತದೆ. ಎತ್ತ ಎಂಬುದು ಎಷ್ಟೋ ಸಲ ಬೌಲರ್‌ಗೂ ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಅವನ ಕೆಲಸ ಹೊಲಿಗೆಯನ್ನು ನಿಲ್ಲಿಸಿ, ಆಫ್ ಸ್ಟಂಪಿನ ತಲೆಗೆ ತಾಗುವ ಉದ್ದಕ್ಕೆ ಚೆಂಡನ್ನು ಹಾಕುವುದು. ಮತ್ತೆ ಹಾಕುವುದು. ಸಂಜೆಯವರೆಗೂ ಹಾಕುತ್ತಿರುವುದು.

ವೇಗ ಕಡಿಮೆ ಎಂಬುದು ಇಲ್ಲಿ ಊನವಲ್ಲ. ವೇಗವಾಗಿ ಬಂದ ಚೆಂಡಿಗೆ ಬ್ಯಾಟನ್ನು ಅಡ್ಡ ಹಿಡಿದರೂ ಅದು ಬೌಂಡರಿ ಮುಟ್ಟೀತು. ಮೆಲ್ಲಗೆ ಬರುವ ಚೆಂಡಿಗೆ ಬ್ಯಾಟರ್ ತಾನೇ ಬಲ ತುಂಬಬೇಕು. ಬಲ ತುಂಬಲು ಹೋದಾಗ ಬ್ಯಾಟು ಮೈಯಿಂದ ದೂರ ಸರಿಯುತ್ತದೆ. ಆಗ ಚೆಂಡು ಒಂದೇ ಬೆರಳಿನಷ್ಟು ಸರಿದರೂ ಸಾಕು, ಅಂಚು ತಾಗಿ ಸ್ಲಿಪ್‌ಗೆ ಹೋಗುತ್ತದೆ. ಓವರ್ ಕಟ್ಟುವ ರೀತಿ ರಂಗೋಲಿಗೆ ಚುಕ್ಕಿ ಇಡುವಂತೆ: ಐದು ಎಸೆತ ಒಂದೇ ಅಂತರದಲ್ಲಿ ಬಿದ್ದಾಗ ಏನೂ ಕಾಣುವುದಿಲ್ಲ, ಆರನೆಯದು ಅವನ್ನೆಲ್ಲ ಸೇರಿಸಿಬಿಡುತ್ತದೆ. ಸಾಮಾನ್ಯವಾಗಿ ಹೊರಕ್ಕೆ ಸರಿಯುವ ನಾಲ್ಕೈದು ಎಸೆತ, ಬ್ಯಾಟರ್ ಬಿಡುವುದನ್ನು ರೂಢಿ ಮಾಡಿಕೊಂಡ ಮೇಲೆ ಅದೇ ಜಾಗದಿಂದ ಒಳಬರುವ ಒಂದು. ಬ್ಯಾಟು ಮೇಲೆತ್ತಿ ನಿಂತವನ ಪ್ಯಾಡಿಗೆ ಬಡಿಯಿತೆಂದರೆ ಎಲ್‌ಬಿಡಬ್ಲ್ಯು.

ಈ ಕಸುಬಿನ ಹಿರಿಯಣ್ಣ ಹ್ಯಾಂಪ್‌ಷೈರ್‌ನ ಡೆರೆಕ್ ಶ್ಯಾಕಲ್ಟನ್. ನಾನು ಕಣ್ಣಾರೆ ಕಂಡವನಲ್ಲ, ಓದಿ ಮೆಚ್ಚಿದವನು. 1949ರಿಂದ 1968ರವರೆಗೆ ಒಂದು ವರ್ಷವೂ ತಪ್ಪದೆ, ಸತತ 20 ಋತುಗಳಲ್ಲಿ ನೂರು ವಿಕೆಟ್ ದಾಟಿದರು. ಒಟ್ಟು ಪ್ರಥಮ ದರ್ಜೆ ವಿಕೆಟ್‌ಗಳು 2,857. 1955ರಲ್ಲಿ ವೆಸ್ಟನ್-ಸೂಪರ್-ಮೇರ್‌ನಲ್ಲಿ ಸಾಮರ್ಸೆಟ್ ವಿರುದ್ಧ ಅವರ ಲೆಕ್ಕ ನಾಲ್ಕು ರನ್ನಿಗೆ ಎಂಟು ವಿಕೆಟ್. ಕೆಲವು ಋತುಗಳಲ್ಲಿ 1,500ಕ್ಕೂ ಹೆಚ್ಚು ಓವರ್ ಹಾಕಿದ್ದಾರೆ. ಇಂದಿನ ಕೌಂಟಿ ವೇಗಿ ಒಂದು ಬೇಸಿಗೆಯಲ್ಲಿ ಅದರ ಅರ್ಧವನ್ನೂ ಮುಟ್ಟುವುದಿಲ್ಲ. 1961ರಲ್ಲಿ ಹ್ಯಾಂಪ್‌ಷೈರ್ ಮೊದಲ ಸಲ ಚಾಂಪಿಯನ್ ಆದದ್ದು ಈ ದಣಿಯದ ತೋಳಿನ ಬಲದಿಂದ. ಆಡಿದ ಟೆಸ್ಟ್‌ಗಳು ಏಳೇ ಏಳು.

ಅವರ ನಂತರದ ಪೀಳಿಗೆಯ ಟಾಮ್ ಕಾರ್ಟ್‌ರೈಟ್ ಕೂಡ ಅದೇ ದಾರಿಯವರು. ವಾರಿಕ್‌ಷೈರ್, ಸಾಮರ್ಸೆಟ್, ಗ್ಲಾಮೊರ್ಗನ್‌ಗಳಿಗೆ ಆಡಿ 1,536 ವಿಕೆಟ್ ಪಡೆದವರು; ಟೆಸ್ಟ್ ಆಡಿದ್ದು ಐದು. ಚರಿತ್ರೆ ಅವರನ್ನು ನೆನೆಯುವುದು ಆಡದ ಪ್ರವಾಸಕ್ಕಾಗಿ. 1968ರಲ್ಲಿ ದಕ್ಷಿಣ ಆಫ್ರಿಕಾ ಪ್ರವಾಸದಿಂದ ಅವರು ಹಿಂದೆ ಸರಿದಾಗ ಅವರ ಜಾಗಕ್ಕೆ ಬೇಸಿಲ್ ಡಿ’ಒಲಿವೆರಾ ಆಯ್ಕೆಯಾದರು. ವರ್ಣಭೇದದ ಸರ್ಕಾರ ಅದನ್ನೊಪ್ಪದೆ ಪ್ರವಾಸವೇ ರದ್ದಾಯಿತು. ಕಸುಬಿನ ದೃಷ್ಟಿಯಿಂದ ನನಗೆ ಮುಖ್ಯವಾದದ್ದು ಇನ್ನೊಂದು ಸಂಗತಿ. ಸಾಮರ್ಸೆಟ್‌ನಲ್ಲಿ ಇಯಾನ್ ಬಾಥಮ್ ಎಂಬ ಹುಡುಗನಿಗೆ ಚೆಂಡು ಹಿಡಿಯುವುದನ್ನು, ಸ್ವಿಂಗ್ ಮಾಡುವುದನ್ನು ಕಲಿಸಿದವರು ಕಾರ್ಟ್‌ರೈಟ್.

ಕಣ್ಣೆದುರಿಗೆ ಕಂಡವರಲ್ಲಿ ನನ್ನ ಮೊದಲ ಮೆಚ್ಚುಗೆ ಕೆಂಟ್‌ನ ಡ್ಯಾರೆನ್ ಸ್ಟೀವನ್ಸ್‌ಗೆ. ಲೆಸ್ಟರ್‌ನಲ್ಲಿ ಹುಟ್ಟಿ, ಬ್ಯಾಟರ್ ಆಗಿ ಬೆಳೆದು, 2005ರಲ್ಲಿ ಕೆಂಟ್ ಸೇರಿದವರು. ಉಳಿದವರು ಬೌಲಿಂಗ್ ಬಿಡುವ ವಯಸ್ಸಿನಲ್ಲಿ ಇವರು ನಿಜವಾದ ಬೌಲರ್ ಆದರು. ಓಟ ಅಂದರೆ ಓಟವಲ್ಲ, ಬಿರುಸಿನ ನಡಿಗೆ. ಕೀಪರ್ ಗೂಟದ ಬೆನ್ನಿಗೇ. ಬ್ಯಾಟರ್ ಮುಖದಲ್ಲಿ ಮೊದಲ ಓವರಿಗೆ ನಿರಾಳ, ಮೂರನೆಯ ಓವರಿಗೆ ಸಿಡಿಮಿಡಿ. ಹೀಗೆ 500ಕ್ಕೂ ಹೆಚ್ಚು ವಿಕೆಟ್ ಕೂಡಿಹಾಕಿದರು. 2019ರಲ್ಲಿ ಇನ್ನು ಒಪ್ಪಂದವಿಲ್ಲ ಎಂಬ ಮಾತು ಬಂದಿತ್ತು. 43ರ ವಯಸ್ಸಿನಲ್ಲಿ ಹೆಡಿಂಗ್ಲಿಗೆ ಹೋಗಿ ಯಾರ್ಕ್‌ಷೈರ್ ವಿರುದ್ಧ 237 ರನ್ ಹೊಡೆದು, ಅದೇ ಪಂದ್ಯದ ಕೊನೆಯ ಇನಿಂಗ್ಸ್‌ನಲ್ಲಿ 20 ರನ್ನಿಗೆ ಐದು ವಿಕೆಟ್ ಕಿತ್ತರು. ಒಪ್ಪಂದ ಮುಂದುವರಿಯಿತು. 2021ರಲ್ಲಿ ವಿಸ್ಡನ್ ವಾರ್ಷಿಕ ಅವರನ್ನು ವರ್ಷದ ಐವರು ಆಟಗಾರರಲ್ಲಿ ಒಬ್ಬರೆಂದು ಆರಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ, 45 ತುಂಬಿದ ಮೇಲೆ, ಕ್ಯಾಂಟರ್‌ಬರಿಯಲ್ಲಿ ಗ್ಲಾಮೊರ್ಗನ್ ವಿರುದ್ಧ 190. ಒಂಬತ್ತನೆಯ ವಿಕೆಟಿಗೆ ಬಂದ 166 ರನ್‌ಗಳಲ್ಲಿ ಜೊತೆಗಾರ ಮಿಗೆಲ್ ಕಮಿನ್ಸ್ ಪಾಲು ಒಂದೇ ಒಂದು ರನ್. ಇಷ್ಟಾದರೂ ಸ್ಟೀವನ್ಸ್ ಇಂಗ್ಲೆಂಡ್‌ಗೆ ಒಂದು ಪಂದ್ಯವನ್ನೂ ಆಡಲಿಲ್ಲ.

ಮಿಡ್ಲ್‌ಸೆಕ್ಸ್‌ನ ಟಿಮ್ ಮುರ್ಟಾ ಇದೇ ವಿದ್ಯೆಯನ್ನು ಒಂದು ಮೈದಾನಕ್ಕೆ ಹೊಂದಿಸಿಕೊಂಡವರು. ಲಾರ್ಡ್ಸ್ ಮೈದಾನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸುಮಾರು ಎರಡೂವರೆ ಮೀಟರ್ ಇಳಿಜಾರು. ಪೆವಿಲಿಯನ್ ತುದಿಯಿಂದ ಹಾಕಿದ ಚೆಂಡು ಬಲಗೈ ಬ್ಯಾಟರ್‌ನ ಒಳಕ್ಕೆ ಜಾರುತ್ತದೆ, ನರ್ಸರಿ ತುದಿಯಿಂದ ಹಾಕಿದ್ದು ಹೊರಕ್ಕೆ. ಇಳಿಜಾರನ್ನೇ ನಂಬಿದವನನ್ನು ಬ್ಯಾಟರ್ ಬೇಗ ಓದಿಬಿಡುತ್ತಾನೆ. ಇಳಿಜಾರಿಗೆ ವಿರುದ್ಧವಾಗಿಯೂ ಚೆಂಡನ್ನು ತಿರುಗಿಸಬಲ್ಲವನ ಮುಂದೆ ಆ ಓದು ನಡೆಯುವುದಿಲ್ಲ. 2019ರ ಜುಲೈನಲ್ಲಿ ಐರ್ಲೆಂಡ್ ಪರವಾಗಿ ಅಲ್ಲೇ ಬೌಲ್ ಮಾಡಿ, 13 ರನ್ನಿಗೆ ಐದು ವಿಕೆಟ್ ಪಡೆದು, ಇಂಗ್ಲೆಂಡನ್ನು ಊಟಕ್ಕೆ ಮೊದಲೇ 85ಕ್ಕೆ ಮುಗಿಸಿದ್ದು ಜಗತ್ತಿಗೆ ಅಚ್ಚರಿಯಾಗಿರಬಹುದು. ಕೌಂಟಿ ನೋಡುವವರಿಗೆ ಅದು ಮುರ್ಟಾ ಅವರ ಮಾಮೂಲಿ ಕೆಲಸ.

ಬೌಲರ್‌ನ ಅರ್ಧ ಕೆಲಸ ಕೀಪರ್‌ನದು. ಬುದ್ಧಿವಂತ ಬ್ಯಾಟರ್ ಮಧ್ಯಮ ವೇಗಿಗೆ ಕ್ರೀಸಿನಿಂದ ಎರಡು ಹೆಜ್ಜೆ ಹೊರಗೆ ನಿಲ್ಲುತ್ತಾನೆ. ಸರಿಯುವ ಮೊದಲೇ ಚೆಂಡನ್ನು ಮುಟ್ಟಿಬಿಡಬಹುದು, ಎಲ್‌ಬಿಡಬ್ಲ್ಯು ಭಯವೂ ಕಡಿಮೆ. ಕೀಪರ್ ಗೂಟದ ಬೆನ್ನಿಗೆ ಬಂದು ಕೂತನೋ, ಆ ದಾರಿ ಮುಚ್ಚಿತು. ಆದರೆ ಅಲ್ಲಿ ಕೂರುವುದು ಸುಲಭವಲ್ಲ. ಲೆಗ್ ಬದಿಗೆ ಬಂದ ಚೆಂಡು ಬ್ಯಾಟರ್ ಮೈಯ ಹಿಂದೆ ಮರೆಯಾಗುತ್ತದೆ; ಕೈ ಅಂದಾಜಿನ ಮೇಲೆ ಹೋಗಬೇಕು. ಅಂಚು ತಾಗಿದರೆ ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ.

ಈ ಕಲೆಯಲ್ಲಿ ಗ್ಲಾಸ್ಟರ್‌ಷೈರ್‌ನ ಜ್ಯಾಕ್ ರಸೆಲ್ ಅವರನ್ನು ಮೀರಿಸಿದವರನ್ನು ನಾನು ಕಾಣೆ. ಹಳೆಯ ಮಾಸಿದ ಬಿಳಿ ಟೋಪಿ, ಬಣ್ಣದ ಕನ್ನಡಕ, ತೇಪೆ ಹಾಕಿದ ಗ್ಲೌಸ್. ಅವರು ಚೆಂಡಿಗೆ ಕೈ ಚಾಚುತ್ತಿರಲಿಲ್ಲ. ಚೆಂಡು ಪಿಚ್ಚಿನಿಂದ ಏಳುವವರೆಗೂ ಕುಕ್ಕರಗಾಲಲ್ಲೇ ಇದ್ದು, ಅದರ ಜೊತೆಗೇ ಏಳುತ್ತಿದ್ದರು. ಹಿಡಿದ ಕ್ಷಣವೇ ಗ್ಲೌಸ್ ಬೇಲ್ಸಿನ ಪಕ್ಕ ಇರುತ್ತಿತ್ತು. 1991ರ ಆರಂಭದಲ್ಲಿ ಸಿಡ್ನಿ ಟೆಸ್ಟ್‌ನಲ್ಲಿ ವೇಗಿ ಗ್ಲ್ಯಾಡ್‌ಸ್ಟನ್ ಸ್ಮಾಲ್ ಎಸೆತಕ್ಕೆ ಡೀನ್ ಜೋನ್ಸ್‌ರನ್ನು ಲೆಗ್ ಬದಿಯಲ್ಲಿ ಸ್ಟಂಪ್ ಮಾಡಿದ್ದು ಈ ವಿದ್ಯೆಯ ಒಂದು ತುಣುಕು. 1999 ಮತ್ತು 2000ದಲ್ಲಿ ಗ್ಲಾಸ್ಟರ್‌ಷೈರ್ ಒಂದು ದಿನದ ಐದು ಪ್ರಶಸ್ತಿ ಗೆದ್ದಾಗ ಆ ತಂಡದಲ್ಲಿ ತಾರೆಗಳು ಕಡಿಮೆ. ಮಧ್ಯಮ ವೇಗಿಗಳು, ಅವರ ಮುಂದೆ ಬ್ಯಾಟರ್‌ಗಳನ್ನು ಕ್ರೀಸಿಗೆ ಕಟ್ಟಿಹಾಕಿದ ರಸೆಲ್, ಇಷ್ಟೇ ಬಂಡವಾಳ. ಆಟ ಬಿಟ್ಟ ಮೇಲೆ ರಸೆಲ್ ಪೂರ್ಣಾವಧಿ ಚಿತ್ರಕಾರ. ಅವರ ಗ್ಯಾಲರಿ ಚಿಪ್ಪಿಂಗ್ ಸಾಡ್‌ಬರಿಯಲ್ಲಿದೆ.

ರಸೆಲ್ ನಾಯಕರಾಗಿದ್ದ 1995ರ ಋತುವಿಗೆ ಗ್ಲಾಸ್ಟರ್‌ಷೈರ್ ಕರೆಸಿಕೊಂಡದ್ದು ಮೈಸೂರಿನ ಜಾವಗಲ್ ಶ್ರೀನಾಥ್‌ರನ್ನು. ಕೌಂಟಿಯ ಎಂದಿನ ಹೊರದೇಶದ ವೇಗಿ ಕರ್ಟ್ನಿ ವಾಲ್ಷ್ ಆ ಬೇಸಿಗೆ ವೆಸ್ಟ್ ಇಂಡೀಸ್ ತಂಡದೊಂದಿಗಿದ್ದರು. ಶ್ರೀನಾಥ್ ಮಧ್ಯಮ ವೇಗಿಯಲ್ಲ, ನಿಜವಾದ ವೇಗಿ. ಆದರೆ ಎದ್ದ ಹೊಲಿಗೆಯ ಚೆಂಡು ಕೈಗೆ ಬಂದಾಗ 87 ವಿಕೆಟ್ ಉದುರಿದವು; ಅಬರ್ಗವೆನಿಯಲ್ಲಿ ಗ್ಲಾಮೊರ್ಗನ್ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ 76 ರನ್ನಿಗೆ ಒಂಬತ್ತು. ಅದೇ ಬೇಸಿಗೆ ನಾರ್ಥಾಂಪ್ಟನ್‌ಷೈರ್‌ಗೆ ಅನಿಲ್ ಕುಂಬ್ಳೆ 105 ವಿಕೆಟ್ ತಂದುಕೊಟ್ಟರು. ಅವರದು ಸ್ಪಿನ್, ಆದರೂ ಪಾಠ ಒಂದೇ: ಹೆಚ್ಚು ತಿರುಗಿಸುವುದಕ್ಕಿಂತ ಒಂದೇ ಜಾಗಕ್ಕೆ ಹಾಕುವುದು. ಐದು ವರ್ಷದ ಮೇಲೆ ರಾಹುಲ್ ದ್ರಾವಿಡ್ ಕೆಂಟ್‌ಗೆ ಹೋಗಿ 1,200ಕ್ಕೂ ಹೆಚ್ಚು ರನ್ ಗಳಿಸಿದಾಗ ಈ ಕಸುಬಿನ ಇನ್ನೊಂದು ಮಗ್ಗುಲು ಕಂಡಿತು. ಸರಿಯುವ ಚೆಂಡಿಗೆ ಮದ್ದು, ತಡವಾಗಿ, ಮೆತ್ತನೆಯ ಕೈಯಲ್ಲಿ, ಕಣ್ಣಿನ ಕೆಳಗೇ ಆಡುವುದು. ಬ್ಯಾಟಿಗೆ ಚೆಂಡು ಬರಲಿ ಎಂದು ಕಾಯುವ ಸಹನೆ ಬೌಲರ್‌ನ ಸಹನೆಗೆ ಸಮ.

ಈ ಬೌಲರ್‌ಗಳ ಮೇಲೆ ಆಡಳಿತದವರಿಗೆ ಅಷ್ಟು ಪ್ರೀತಿಯಿಲ್ಲ. ತೀರ ಹಸಿರು ಪಿಚ್ ಮಾಡಿ ಮಧ್ಯಮ ವೇಗಿಗಳಿಗೆ ಒಪ್ಪಿಸುತ್ತಾರೆಂದು 2016ರಿಂದ ನಾಲ್ಕು ಋತು ಟಾಸ್ ನಿಯಮವನ್ನೇ ಬದಲಿಸಿದರು. ಬಯಸಿದರೆ ಅತಿಥಿ ತಂಡ ಟಾಸ್ ಇಲ್ಲದೆ ಬೌಲಿಂಗ್ ಆರಿಸಿಕೊಳ್ಳಬಹುದಿತ್ತು. 2023ರಲ್ಲಿ ಕೆಲವು ಸುತ್ತುಗಳಿಗೆ ಕೂಕಬುರಾ ಚೆಂಡು ತಂದರು. ಆಸ್ಟ್ರೇಲಿಯಾದಲ್ಲಿ, ಭಾರತದಲ್ಲಿ ಗೆಲ್ಲಲು ವೇಗ ಬೇಕು, ಸ್ಪಿನ್ ಬೇಕು ಎಂಬುದು ಅವರ ವಾದ. ವಾದ ಸುಳ್ಳಲ್ಲ. ಅಡಿಲೇಡ್‌ನ ಬಿಸಿಲಿನಲ್ಲಿ, ಹೊಲಿಗೆ ಅಡಗಿದ ಚೆಂಡಿನಲ್ಲಿ ಸ್ಟೀವನ್ಸ್ ಏನು ಮಾಡಿಯಾರು? ಶ್ಯಾಕಲ್ಟನ್‌ಗೆ ಏಳು ಟೆಸ್ಟ್, ಸ್ಟೀವನ್ಸ್‌ಗೆ ಸೊನ್ನೆ ಎಂಬುದರಲ್ಲಿ ಅನ್ಯಾಯಕ್ಕಿಂತ ಲೆಕ್ಕಾಚಾರವೇ ಹೆಚ್ಚು.

ಆದರೆ ಒಂದು ಮಣ್ಣಿಗೆ, ಒಂದು ಹವೆಗೆ, ಒಂದು ಚೆಂಡಿಗೆ ಒಗ್ಗಿದ ವಿದ್ಯೆ ಬೇರೆ ಕಡೆ ನಡೆಯದು ಎಂಬುದು ಅದರ ಗುಣಕ್ಕೆ ಕುಂದಲ್ಲ. ಆ ಮಣ್ಣನ್ನು ಅಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಕೌಂಟಿಗಳು ಈಗ ತಮ್ಮ ಪಂದ್ಯಗಳನ್ನು ಅಂತರ್ಜಾಲದಲ್ಲಿ ನೇರವಾಗಿ ತೋರಿಸುತ್ತವೆ. ಏಪ್ರಿಲ್‌ನ ಒಂದು ಮಧ್ಯಾಹ್ನ ಒಂದು ತಾಸು ನೋಡಿ. ರನ್ ಎಷ್ಟೆಂದು ನೋಡಬೇಡಿ. ಕೀಪರ್ ಎಲ್ಲಿ ಕೂತಿದ್ದಾನೆ, ಬ್ಯಾಟರ್‌ನ ಮುಂಗಾಲು ಎಷ್ಟು ದೂರ ಹೋಗುತ್ತಿದೆ, ಚೆಂಡು ಬಿದ್ದ ಗುರುತುಗಳು ಎಷ್ಟು ಹತ್ತಿರ ಹತ್ತಿರ ಇವೆ, ಇಷ್ಟನ್ನು ನೋಡಿ. ಮೂರು ಮೇಡನ್ ಆದ ಮೇಲೆ ನಾಲ್ಕನೆಯದರಲ್ಲಿ ವಿಕೆಟ್ ಬಿದ್ದರೆ, ಅದು ಯಾವ ಎಸೆತಕ್ಕೆ ಬಿದ್ದಿತು ಎಂದು ನಿಮಗೇ ಹೇಳಲು ಬರುತ್ತದೆ: ಹದಿನೆಂಟು ಎಸೆತ ಹಿಂದಿನದಕ್ಕೆ.